ಗರಗಸದ ಉಸಿರು

ಹೆಂಗಸರ ಸರ್ಜರಿ ವಾರ್ಡಿನಲ್ಲಿ ಅವಳ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಬಳಕೆಗೆ ಬರುತ್ತಿರಲಿಲ್ಲ. ಆಯಾಗಳಿಂದ ಹಿಡಿದು ಲಿಫ್ಟ್ ನಡೆಸುವವನವರೆಗೆ ಎಲ್ಲರಿಗೂ ಅವಳು ಇಪ್ಪತ್ತಮ್ಮ. ಹೊಸದಾಗಿ ಸೇರಿದ ಡಾಕ್ಟರುಗಳಂತೂ ಅದೇ ಅವಳ ಹೆಸರೆಂದು ನಂಬಿ, "ಇಪ್ಪತ್ತಮ್ಮ ಸಿಸ್ಟರ್, ಸ್ವಲ್ಪ ಡ್ರೆಸ್ಸಿಂಗ್ ಟ್ರೇ ಕೊಡ್ತೀರಾ" ಎಂದು ಬಹಳ ಗೌರವದಿಂದ ಕೇಳುತ್ತಿದ್ದರು. ಕೇಳಿದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಟ್ರೇ ಕೊಡುತ್ತಿದ್ದಳು. ಕೊಡದೆ ಏನು ಮಾಡುವುದು?

ಆ ಹೆಸರು ಅಂಟಿದ್ದು ಹೀಗೆ. ರೋಗಿಯ ಹತ್ತಿರ ಹೋದ ನರ್ಸು ನಾಲ್ಕು ವಿಷಯ ನೋಡಬೇಕು: ಜ್ವರ, ನಾಡಿ, ಬಿ.ಪಿ., ಉಸಿರು. ಮೊದಲ ಮೂರಕ್ಕೆ ಕೈಯೋ ಯಂತ್ರವೋ ಇದೆ. ಉಸಿರಿಗೆ ಏನೂ ಇಲ್ಲ. ಗಡಿಯಾರ ಹಿಡಿದು, ರೋಗಿಯ ಎದೆ ಏರಿಳಿಯುವುದನ್ನೇ ಪೂರಾ ಒಂದು ನಿಮಿಷ ನೋಡುತ್ತ ನಿಲ್ಲಬೇಕು. ಅದೂ ರೋಗಿಗೆ ಗೊತ್ತಾಗದ ಹಾಗೆ, ಏಕೆಂದರೆ ಗೊತ್ತಾದ ಕೂಡಲೇ ಮನುಷ್ಯ ಬೇರೆ ಥರ ಉಸಿರಾಡಲು ಶುರುಮಾಡುತ್ತಾನೆ. ಅದಕ್ಕೇ ನಾಡಿ ನೋಡಿ ಮುಗಿದ ಮೇಲೂ ಮಣಿಕಟ್ಟು ಬಿಡದೆ, ಇನ್ನೂ ನಾಡಿಯನ್ನೇ ಎಣಿಸುತ್ತಿರುವ ಹಾಗೆ ನಟಿಸುತ್ತ ಕಳ್ಳಗಣ್ಣಿನಿಂದ ಎದೆಯನ್ನು ನೋಡಬೇಕು. ಪಾಠವೇನೋ ಚೆನ್ನಾಗಿದೆ. ಆದರೆ ವಾರ್ಡು ತುಂಬ ರೋಗಿಗಳು, ಒಬ್ಬಳಿಗೆ ವಾಂತಿ, ಇನ್ನೊಬ್ಬಳಿಗೆ ಡ್ರಿಪ್ ಖಾಲಿ, ಮತ್ತೊಬ್ಬಳ ಗಂಡ ಕೌಂಟರಿನ ಮೇಲೆ ಕೈ ಕುಟ್ಟುತ್ತಿದ್ದಾನೆ. ಒಬ್ಬೊಬ್ಬಳ ಎದೆ ನೋಡುತ್ತ ನಿಂತರೆ ಸಂಜೆಯಾಗುತ್ತದೆ. ಹಾಗಾಗಿ ನರ್ಸುಗಳೆಲ್ಲ ಸೇರಿ, ಯಾರೂ ಯಾರಿಗೂ ಹೇಳಿಕೊಡದೆಯೇ, ಒಂದು ಅಂಕಿಯನ್ನು ಒಪ್ಪಿಕೊಂಡಿದ್ದಾರೆ. ಇಪ್ಪತ್ತು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಯಾವ ಡಾಕ್ಟರೂ ಯಾಕೆಂದು ಕೇಳದ ಅಂಕಿ. ಎಲ್ಲರ ಉಸಿರೂ ಇಪ್ಪತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳೂ ಎಲ್ಲರ ಹಾಗೆ ಸಾಲಾಗಿ ಇಪ್ಪತ್ತು ಬರೆದುಕೊಂಡು ಹೋದಳು. ಕಿಟಕಿ ಪಕ್ಕದ ಮಂಚಕ್ಕೂ ಬರೆದಳು. ಆ ಮಂಚದವಳನ್ನು ಅಷ್ಟರಲ್ಲೇ ಟ್ರಾಲಿಯಲ್ಲಿ ಎಕ್ಸ್‌ರೇಗೆ ಕರೆದೊಯ್ದಿದ್ದರು. ಖಾಲಿ ಮಂಚ ನಿಮಿಷಕ್ಕೆ ಇಪ್ಪತ್ತು ಸಲ ಉಸಿರಾಡಿತು.

ಹಿಡಿದವಳು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಅವಳಿಗೂ ಹೆಸರಿತ್ತು, ಅದನ್ನೂ ಯಾರೂ ಬಳಸುತ್ತಿರಲಿಲ್ಲ, ಅವಳು ಗರಗಸ. ಬೈಯಲು ಶುರುಮಾಡಿದರೆ ನಡುವೆ ಒಮ್ಮೆಯೂ ಉಸಿರು ತೆಗೆದುಕೊಳ್ಳದೆ, ಹೋಗುತ್ತ ಒಂದು ಕೊಯ್ತ, ಬರುತ್ತ ಒಂದು ಕೊಯ್ತ. ಅವತ್ತು ರೋಗಿಗಳು, ಅವರ ಕಡೆಯವರು, ನೆಲ ಒರೆಸುವವಳು, ಊಟದ ಗಾಡಿಯವನು ಎಲ್ಲರನ್ನೂ ನಿಲ್ಲಿಸಿಕೊಂಡು ಅವಳ ಜನ್ಮ ಜಾಲಾಡಿದಳು.

"ಬನ್ನಿ ಎಲ್ಲರೂ ನೋಡಿ ನಮ್ಮ ಹೊಸ ಸಿಸ್ಟರ್ ಖಾಲಿ ಹಾಸಿಗೆಗೆ ಉಸಿರು ತುಂಬಿಸಿದ್ದಾಳೆ ಇನ್ನು ನಾಳೆಯಿಂದ ಹೆಣದ ಮನೆಗೆ ಡ್ಯೂಟಿ ಹಾಕ್ತೀನಿ ಅಲ್ಲಿ ಇರೋರಿಗೆಲ್ಲ ಇಪ್ಪತ್ತು ಇಪ್ಪತ್ತು ಬರೀತಾ ಹೋಗಲಿ ಎದ್ದು ಕೂತ್ಕೊಂಡು ಮನೆಗೆ ಹೋಗ್ತಾರೆ, ಏನಮ್ಮಾ ಇಪ್ಪತ್ತಮ್ಮ!"

ಊಟದ ಗಾಡಿಯವನು ನಕ್ಕ. ರೋಗಿಗಳು ಹೊಲಿಗೆ ಹಿಡಿದುಕೊಂಡು ನಕ್ಕರು. ಆ ಗಾಡಿ ಮಧ್ಯಾಹ್ನದೊಳಗೆ ಆಸ್ಪತ್ರೆಯ ಎಲ್ಲ ವಾರ್ಡಿಗೂ ಊಟದ ಜೊತೆ ಆ ಹೆಸರನ್ನೂ ಬಡಿಸಿತು. ಬಟ್ಟೆ ಕೋಣೆಯಲ್ಲಿ ಕೂತು ಬಿಕ್ಕುತ್ತಿದ್ದವಳನ್ನು ಹುಡುಕಿಕೊಂಡು ಬಂದವಳು ಒಬ್ಬಳೇ. ಟೋಪಿಯೊಳಗೆ ಹಿಡಿಸದಷ್ಟು ಉದ್ದ ಕೂದಲಿದ್ದ, ಅವಳದೇ ಬ್ಯಾಚಿನ ನರ್ಸು. ಅವಳನ್ನು ಎಲ್ಲರೂ ಜಡೆ ಎನ್ನುತ್ತಿದ್ದರು. ಜಡೆ ಹೊಸ ಟವೆಲ್ಲಿನಲ್ಲಿ ಅವಳ ಮುಖ ಒರೆಸಿ, "ಅಳ್ಬೇಡ ಕಣೆ. ಆ ಮುದುಕಿಗೆ ಮದುವೆ ಇಲ್ಲ, ಮಕ್ಕಳಿಲ್ಲ, ಬೈಯೋದೊಂದೇ ಸಂಸಾರ. ಇಲ್ಲಿ ಎಲ್ಲರೂ ಇಪ್ಪತ್ತೇ ಬರೆಯೋದು, ನೀನು ಸಿಕ್ಕಿಬಿದ್ದೆ ಅಷ್ಟೆ" ಎಂದಳು. ಅವತ್ತಿನಿಂದ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಒಬ್ಬಳ ಹೆರಿಗೆಗೆ ಇನ್ನೊಬ್ಬಳು ರಜೆ ಹಾಕಿದವಳು. ಒಂದೇ ಬೀದಿಯಲ್ಲಿ ಮನೆ ಮಾಡಿದವರು.

ಗರಗಸದ ಕೆಳಗೆ ಇಪ್ಪತ್ತಮ್ಮ ಕಳೆದ ವರ್ಷಗಳನ್ನು ಇಲ್ಲಿ ಬಿಡಿಸಿ ಹೇಳುವ ಅಗತ್ಯವಿಲ್ಲ. ಎಣ್ಣೆ ಸೀಗೆಕಾಯಿ ಎನ್ನುತ್ತಾರಲ್ಲ, ಆ ಸಂಬಂಧ. ಡ್ಯೂಟಿ ಹಾಕುವಾಗ ಹಬ್ಬ ಹುಣ್ಣಿಮೆಯೆಲ್ಲ ಇಪ್ಪತ್ತಮ್ಮನ ತಲೆಗೇ ಬರುತ್ತಿತ್ತು. ಹಾಸಿಗೆಯ ಮೂಲೆ ಸರಿಯಾಗಿ ಮಡಚಲಿಲ್ಲವೆಂದು ಗರಗಸ ರೋಗಿಯನ್ನು ಎಬ್ಬಿಸಿ ಮತ್ತೆ ಹಾಸಿಸುತ್ತಿದ್ದಳು. ಕೈ ತೊಳೆದದ್ದು ಸಾಲದೆಂದು ನಲ್ಲಿಗೆ ವಾಪಸು ಕಳಿಸುತ್ತಿದ್ದಳು. ಒಮ್ಮೆ, ಇಂಜೆಕ್ಷನ್ ಕೊಡುವ ಮುಂಚೆ ರೋಗಿಯ ಹೆಸರು ಕೇಳಲಿಲ್ಲವೆಂದು, ಸಿರಿಂಜು ಕಿತ್ತುಕೊಂಡು ಕಸಕ್ಕೆ ಎಸೆದಳು. ಮನೆಯಲ್ಲಿ ಇಪ್ಪತ್ತಮ್ಮನ ಗಂಡ, ಶಾಲೆಯ ಯೂನಿಫಾರಂ ಹೊಲಿಯುವ ದರ್ಜಿ, ಮಿಷನ್ ತುಳಿಯುತ್ತಲೇ ಕೇಳುತ್ತಿದ್ದ: "ಅವರು ಹೇಳಿದ್ದರಲ್ಲಿ ತಪ್ಪೇನಿತ್ತು?" ಆ ಪ್ರಶ್ನೆಗೆ ಅವನಿಗೆ ಎರಡು ದಿನ ಮಾತಿಲ್ಲದ ಊಟ ಸಿಗುತ್ತಿತ್ತು. ತಪ್ಪೇನೂ ಇರುತ್ತಿರಲಿಲ್ಲ, ಅದೇ ಅವಳಿಗೆ ಆಗದ ವಿಷಯ. ತಪ್ಪು ಹೇಳಿ ಬೈಯುವವಳನ್ನು ಕ್ಷಮಿಸಬಹುದು, ಸರಿ ಹೇಳಿ ಮಾನ ಕಳೆಯುವವಳನ್ನು ಹೇಗೆ ಕ್ಷಮಿಸುವುದು?

ಗರಗಸ ನಿವೃತ್ತಿಯಾದ ದಿನ ವಾರ್ಡಿನಲ್ಲಿ ಯಾರ ಕಣ್ಣೂ ಒದ್ದೆಯಾಗಲಿಲ್ಲ. ಇಪ್ಪತ್ತಮ್ಮ ಹಂಗಾಮಿ ಇನ್‌ಚಾರ್ಜ್ ಆದಳು. ಹಂಗಾಮಿ ಎಂದರೆ ಕೆಲಸ ಪೂರ್ತಿ, ಅಧಿಕಾರ ಅರ್ಧ. ಮೊದಲ ದಿನವೇ ಎಲ್ಲರನ್ನೂ ಸೇರಿಸಿ ಹೇಳಿದಳು: "ನನ್ನ ವಾರ್ಡಲ್ಲಿ ಯಾರನ್ನೂ ಎಲ್ಲರ ಮುಂದೆ ಬೈಯೋದಿಲ್ಲ. ಏನಿದ್ರೂ ಬಟ್ಟೆ ಕೋಣೆಗೆ ಕರೆದು ಹೇಳ್ತೀನಿ." ಹುಡುಗಿಯರು ಚಪ್ಪಾಳೆ ತಟ್ಟಿದರು. ವಾರ್ಡಿಗೆ ಗಾಳಿ ಬಂತು, ನಗು ಬಂತು. ಬಟ್ಟೆ ಕೋಣೆಗೆ ಯಾರನ್ನಾದರೂ ಕರೆಯುವ ಸಂದರ್ಭ ಮಾತ್ರ ಬರಲಿಲ್ಲ, ಏಕೆಂದರೆ ಇಪ್ಪತ್ತಮ್ಮ ನೋಡಿದರೂ ನೋಡದ ಹಾಗೆ ಇದ್ದುಬಿಡುತ್ತಿದ್ದಳು. ಬೈಸಿಕೊಂಡು ಬೆಳೆದವಳು, ಯಾರಿಗೂ ಕೆಟ್ಟವಳಾಗಬಾರದು ಎಂಬುದೊಂದೇ ಅವಳ ಆಡಳಿತ. ವಾರ್ಡಿನ ಉಸಿರುಗಳೆಲ್ಲ ಮತ್ತೆ ಇಪ್ಪತ್ತಕ್ಕೆ ಬಂದು ನಿಂತವು.

ಬೇರೆ ಏನು ಮಾಡಲೂ ನರ್ಸುಗಳಿಗೆಲ್ಲ ಮೇಲಿನವಳಾದ ಮೇಟ್ರನ್ ಬಿಡುತ್ತಿರಲಿಲ್ಲ. ಕೆಳಗಿನ ಮಹಡಿಯಲ್ಲಿ ಹೊಸದಾಗಿ ಸ್ಪೆಷಲ್ ರೂಮುಗಳು ಶುರುವಾಗಿದ್ದವು. ಅಲ್ಲಿ ಗಂಟೆ ಒತ್ತಿದ ಕೂಡಲೇ ನರ್ಸು ಓಡಿಬರಬೇಕು. ಹಾಗೆ ಓಡುವ ಕಾಲುಗಳನ್ನು ಮೇಟ್ರನ್ ಇಪ್ಪತ್ತಮ್ಮನ ವಾರ್ಡಿನಿಂದಲೇ ಎತ್ತಿಕೊಂಡು ಹೋಗುತ್ತಿದ್ದಳು. "ಮೂರು ಜನ ಇದ್ದೀವಿ ಮೇಡಂ, ಇವತ್ತು ಆಪರೇಷನ್ ಆಗಿ ಬಂದವರೇ ಎಷ್ಟೊಂದು ಇದ್ದಾರೆ" ಎಂದರೆ, "ಇಬ್ಬರಲ್ಲಿ ನಡೆಸೋಕೆ ಬರೋದಿಲ್ಲ ಅಂದ್ರೆ ಹೇಳಿ, ಬರೋರನ್ನ ಹುಡುಕ್ತೀನಿ" ಎನ್ನುತ್ತಿದ್ದಳು. ಹಂಗಾಮಿ ಎಂಬ ಮಾತು ಆ ವಾಕ್ಯದಲ್ಲಿ ಚಾಕುವಿನ ಹಾಗೆ ಇರುತ್ತಿತ್ತು. ತಪಾಸಣೆಯ ತಂಡ ಬರುವುದಿತ್ತು. ಮೇಟ್ರನ್‌ಗೆ ಬೇಕಾದದ್ದು ಒಂದೂ ಮನೆ ಖಾಲಿ ಬಿಡದೆ ಅಂಕಿ ತುಂಬಿದ ಚಾರ್ಟು, ಅಷ್ಟೆ. ಆ ಮನೆಯಲ್ಲಿ ನಿಜ ವಾಸವಾಗಿದೆಯೋ ಸುಳ್ಳೋ ಅವಳು ಕೇಳುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಟ್ರಾಲಿಯ ಮೇಲೆ ಗರಗಸ ಬಂದಳು.

ಬಚ್ಚಲಿನಲ್ಲಿ ಜಾರಿ ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟ್ ಹಾಕಿ, ಹಿಂದೆ ತಾನೇ ಆಳಿದ ವಾರ್ಡಿನ ಮೂಲೆಯ ಮಂಚದಲ್ಲಿ ಅವಳನ್ನು ಮಲಗಿಸಿದರು. ಜೊತೆಗೆ ಅವಳ ತಮ್ಮನ ಹೆಂಡತಿ, ಪಾಪದ ಹೆಂಗಸು, ಸ್ಟೂಲಿನ ತುದಿಯಲ್ಲಿ ಕೂತು ಬೈಸಿಕೊಳ್ಳುವುದನ್ನೇ ಕೆಲಸ ಮಾಡಿಕೊಂಡಿದ್ದಳು. ಇಪ್ಪತ್ತಮ್ಮನಿಗೆ ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು? ಬೆಡ್‌ಪ್ಯಾನಿಗಾಗಿ ಕೂಗುತ್ತಿದ್ದ ಆ ದನಿ ಕೇಳಿ ಅವಳ ಹೊಟ್ಟೆ ತಣ್ಣಗಾಯಿತು. ಕೇಳಿದರೂ ಒಂದೆರಡು ಸಲ ಕೇಳದ ಹಾಗೆ ನಡೆದಳು.

ಆದರೆ ಮಂಚಕ್ಕೆ ಬಿದ್ದರೂ ಗರಗಸದ ಹಲ್ಲು ಮೊಂಡಾಗಿರಲಿಲ್ಲ. ಸ್ಪಿರಿಟ್ಟಿನ ಹತ್ತಿಯನ್ನು ಒಳಗಿಂದ ಹೊರಗೆ ಒರೆಸು ಎಂದು ಒಬ್ಬಳಿಗೆ, ಡ್ರಿಪ್ಪಿನ ಬಾಟಲಿಗೆ ಚೀಟಿ ಎಲ್ಲಿ ಎಂದು ಇನ್ನೊಬ್ಬಳಿಗೆ. ಮಂಚದ ತಲೆಭಾಗ ಎತ್ತಲು ಬಂದ ಆಯಾಳ ಉಗುರು ನೋಡಿ ವಾಪಸು ಕಳಿಸಿದಳು. ಎಬ್ಬಿಸಿ ಕೂರಿಸಿ, ಜೋರಾಗಿ ಉಸಿರೆಳೆಸಿ ಕೆಮ್ಮಿಸಬೇಕೆಂದು ಹೋದ ಹುಡುಗಿಯ ಮೇಲೆ ಥರ್ಮಾಮೀಟರ್ ಎಸೆದಳು. ಅದಾದ ಮೇಲೆ ಆ ಮಂಚಕ್ಕೆ ಹೋಗುವವರೇ ಇಲ್ಲ. "ನಂಗೆ ಕೊಡು, ನನ್ನ ಚರ್ಮ ದಪ್ಪ" ಎಂದು ಜಡೆ ವಹಿಸಿಕೊಂಡಳು. ಮಾತ್ರೆ ಕೊಡುವುದು, ಓಡಿಬರುವುದು. ಮೂಗಿಗೆ ಆಮ್ಲಜನಕದ ಕೊಳವೆ ಸಿಗಿಸುವುದು, ಓಡಿಬರುವುದು. ಚಾರ್ಟು ತುಂಬುವುದು ಕೌಂಟರಿನಲ್ಲಿ ಕೂತು. ಒಂದು ಮಧ್ಯಾಹ್ನ ಜಡೆ ಊಟಕ್ಕೆ ಹೋದಾಗ ಆ ಮೂಲೆಯ ಸುತ್ತು ಹಾಕಿದವಳು ಇಪ್ಪತ್ತಮ್ಮನೇ. ಅವಳು ಮಂಚದ ಮುಂದೆ ನಡೆದಳು, ನಿಲ್ಲಲಿಲ್ಲ. ಅವಳು ಬರೆದದ್ದೂ ಇಪ್ಪತ್ತೇ.

"ನಿನ್ನೆಯಿಂದ ಬಾಯಿ ಕಡಿಮೆಯಾಗಿದೆ ಕಣೆ," ಎಂದು ಮರುದಿನ ಬೆಳಿಗ್ಗೆ ಜಡೆ ಹತ್ತಿ ಉಂಡೆ ಮಾಡುತ್ತ ಹೇಳಿದಳು. "ದೇವರು ಕಣ್ಣುಬಿಟ್ಟ."

ಹುಡುಗಿಯರೆಲ್ಲ ನಕ್ಕರು. ಇಪ್ಪತ್ತಮ್ಮನೂ ನಕ್ಕಳು. ನಗುತ್ತಲೇ ಬೇರೆ ಮಂಚದ ಕಡೆ ಹೋಗುತ್ತಿದ್ದವಳಿಗೆ ಮೂಲೆಯಿಂದ ಗರಗಸ ತಮ್ಮನ ಹೆಂಡತಿಯನ್ನು ಬೈಯುವುದು ಕೇಳಿಸಿತು.

"ಆ ಲೋಟ... ಅಲ್ಲಿ... ಯಾಕಿಟ್ಟೆ... ಕೈಗೆ... ಸಿಗೋ ಹಾಗೆ..."

ಬೈಗುಳ ಅಲ್ಲಿಗೇ ನಿಂತಿತು. ಮುಗಿದು ನಿಂತದ್ದಲ್ಲ, ನಡುವೆ ಬಿದ್ದುಹೋದದ್ದು. ಇಪ್ಪತ್ತಮ್ಮನ ಕಾಲೂ ನಿಂತಿತು. ಆ ಹೆಂಗಸಿನ ಬೈಗುಳವನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಎಲ್ಲಿ ಏರುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಕೊಯ್ಯುತ್ತದೆ ಎಲ್ಲ ಅವಳಿಗೆ ಬಾಯಿಪಾಠ. ಆ ಬಾಯಿ ಎಂದೂ ಎರಡು ಮಾತಿಗೊಮ್ಮೆ ಗಾಳಿ ಹುಡುಕಿದ್ದಿಲ್ಲ.

ಹೋಗಿ ಮಣಿಕಟ್ಟು ಹಿಡಿದಳು. ನಾಡಿ ಓಡುತ್ತಿತ್ತು. ಹಿಡಿದ ಕೈಯನ್ನು ಬಿಡದೆ, ಕಣ್ಣನ್ನು ಮೆಲ್ಲಗೆ ಎದೆಯ ಕಡೆ ತಿರುಗಿಸಿದಳು. ಗರಗಸ ಅವಳನ್ನೇ ನೋಡುತ್ತಿದ್ದಳು. ತುಟಿಯಂಚಿನಲ್ಲಿ ಒಂದು ನಗು. ಎದೆ ನಿಧಾನವಾಗಿ ಏರಿತು, ನಿಧಾನವಾಗಿ ಇಳಿಯಿತು, ಮತ್ತೆ ಏರಿತು, ಧ್ಯಾನಕ್ಕೆ ಕೂತವರ ಹಾಗೆ. ಆ ಕಳ್ಳಾಟ ಕಲಿಸಿದವಳ ಮುಂದೆಯೇ ಕಳ್ಳಾಟ ನಡೆಯುತ್ತದೆಯೇ? ಹಣೆಯಲ್ಲಿ ಮಾತ್ರ ಬೆವರು ಮೂಡುತ್ತಿತ್ತು.

"ಆಯ್ತಾ?" ಎಂದಳು ಗರಗಸ. "ಬರ್ಕೋ... ಇಪ್ಪತ್ತು."

ಬೆರಳಿಗೆ ಸಿಗಿಸಿದ, ರಕ್ತದ ಆಮ್ಲಜನಕ ತೋರಿಸುವ ಕ್ಲಿಪ್ಪಿನ ಅಂಕಿ ಚೆನ್ನಾಗಿಯೇ ಇತ್ತು. ಮೂಗಿಗೆ ಕೊಳವೆಯಿಂದ ಗಾಳಿ ಕೊಡುತ್ತಿರುವಾಗ ಅದು ಚೆನ್ನಾಗಿಯೇ ಇರುತ್ತದೆ, ಕೊನೆಯವರೆಗೂ ಚೆನ್ನಾಗಿದ್ದು ಆಮೇಲೆ ಒಮ್ಮೆಲೇ ಕೈಕೊಡುತ್ತದೆ. ಜ್ವರ ಇರಲಿಲ್ಲ, ನೋವಿನ ಮಾತ್ರೆ ಜ್ವರವನ್ನೂ ನುಂಗಿಹಾಕುತ್ತಿತ್ತು. ಎಲ್ಲ ಸರಿಯಿತ್ತು, ಬೈಗುಳ ಒಂದು ಬಿಟ್ಟು.

ಇಪ್ಪತ್ತಮ್ಮ ಕಾಲು ಕೆರೆದು ಜಗಳಕ್ಕೆ ಹೋದಳು. ತಮ್ಮನ ಹೆಂಡತಿಯನ್ನು ಟೀ ಕುಡಿಯಲು ಕಳಿಸಿ, ಮಂಚದ ಕಾಲ್ತುದಿಯ ಹೊದಿಕೆಯನ್ನು ಎಳೆದು, ಬೇಕೆಂದೇ ಮೂಲೆಯನ್ನು ಅಡ್ಡಾದಿಡ್ಡಿ ತುರುಕಿದಳು. ಗರಗಸದ ಕಣ್ಣು ಕೆಂಪಾಯಿತು.

"ಏನದು?"

"ಹಾಸಿಗೆ. ನಿಮ್ಮ ಕಾಲದ ಹಾಗೆ ಮಡಚೋಕೆ ಈಗ ಯಾರಿಗೂ ಪುರುಸೊತ್ತಿಲ್ಲ. ನೀವು ನಮಗೆ ಕಲಿಸಿದ್ದೆಲ್ಲ ದಂಡ."

"ದಂಡಾನಾ... ನಿನ್ನಂಥ..." ಒಂದು ಉಸಿರು. "...ಖಾಲಿ ಮಂಚಕ್ಕೆ..." ಇನ್ನೊಂದು ಉಸಿರು. ಮೂಗಿನ ಹೊಳ್ಳೆಗಳು ಅರಳಿದವು. ಕತ್ತಿನ ಬುಡದಲ್ಲಿ ಒಂದು ಗುಳಿ ಬಿದ್ದು ಬಿದ್ದು ಮುಚ್ಚಿತು. "...ಉಸಿರು... ಬರೆದ..."

"ಬೈಯ್ರಿ! ಇನ್ನೂ ಬೈಯ್ರಿ. ಅಷ್ಟೇನಾ ನಿಮ್ಮ ಕೈಲಾಗೋದು?" ಎಂದು ಇಪ್ಪತ್ತಮ್ಮ ಕೂಗಿದಳು. ಪಕ್ಕದ ಮಂಚದವಳು ಬೆಚ್ಚಿ ಎದ್ದು ಕೂತಳು. ಎಷ್ಟೋ ವರ್ಷಗಳ ಸಿಟ್ಟು ನಿಜವಾಗಿಯೇ ಅವಳ ಬಾಯಿಗೆ ಬಂದಿತ್ತು. ಅದರ ಜೊತೆಗೇ ಭಯವೂ ಬಂದಿತ್ತು, ಯಾವುದು ಯಾವುದೆಂದು ಅವಳಿಗೇ ತಿಳಿಯಲಿಲ್ಲ.

ಗರಗಸ ಬಾಯಿ ತೆರೆದಳು. ಬೈಗುಳ ಬರಲಿಲ್ಲ. ಇಪ್ಪತ್ತಮ್ಮ ಸಿಟ್ಟಾದವಳ ಹಾಗೆ ಹಸಿರು ಪರದೆಯನ್ನು ಸರ್ರನೆ ಎಳೆದು ಹೊರಟುಹೋದಳು. ಹೋಗಲಿಲ್ಲ, ಪರದೆಯ ಹಿಂದೆ ನಿಂತಳು. ನೋಡುವವರಿಲ್ಲವೆಂದುಕೊಂಡ ಕೂಡಲೇ ಒಳಗಿದ್ದವಳ ನಟನೆ ಕಳಚಿಬಿತ್ತು. ಹೊದಿಕೆ ಪಟಪಟನೆ ಏರಿಳಿಯತೊಡಗಿತು. ಇಪ್ಪತ್ತಮ್ಮ ಪರದೆಯ ಸಂದಿಯಿಂದ ಗಡಿಯಾರ ಹಿಡಿದು, ಕೆಲಸಕ್ಕೆ ಸೇರಿದ ಮೇಲೆ ಇಷ್ಟು ಶ್ರದ್ಧೆಯಿಂದ ಎಂದೂ ಎಣಿಸದವಳು, ಪೂರಾ ಒಂದು ನಿಮಿಷ ಎಣಿಸಿದಳು. ಮೂವತ್ತಾರು.

ಪರದೆ ಸರಿಸಿ ಒಳಗೆ ಹೋದಳು.

"ಯಾಕೆ ಮುಚ್ಚಿಡ್ತಿದ್ದೀರಾ? ನಿಮಗೆ ಗೊತ್ತಾಗೋದಿಲ್ವಾ ನಿಮ್ಮ ಎದೆ ಕಟ್ಟಿಕೊಂಡಿದೆ ಅಂತ? ಹೀಗೇ ಇದ್ರೆ ಸಾಯ್ತೀರಿ."

"ಐಸಿಯುಗೆ... ಹೋಗಲ್ಲ."

"ಯಾಕೆ?"

ಗರಗಸ ಗೋಡೆಯ ಕಡೆ ಮುಖ ತಿರುಗಿಸಿದಳು. "ಅಲ್ಲಿರೋರೆಲ್ಲ... ನನ್ನ ಕೈಲಿ... ಬೈಸಿಕೊಂಡ... ಹುಡುಗಿಯರು. ಬಟ್ಟೆ ಬಿಚ್ಚಿ... ಒರೆಸ್ತಾರೆ. ಬೇಡ."

ಇಷ್ಟು ವರ್ಷ ಎಲ್ಲರ ಮಾನ ತೆಗೆದವಳಿಗೆ ತನ್ನ ಮಾನದ ಚಿಂತೆ! ಇಪ್ಪತ್ತಮ್ಮನಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಅದೇ ಗಳಿಗೆಯಲ್ಲಿ ಅಳುವೂ ಬಂತು. ಎರಡನ್ನೂ ಮಾಡದೆ, ಮಂಚದ ತಲೆಭಾಗವನ್ನು ತಿರುವಿ ಎತ್ತಿ, ಬೆನ್ನಿಗೆ ದಿಂಬು ಕೊಟ್ಟು, ಡಾಕ್ಟರಿಗೆ ಫೋನ್ ಮಾಡಿದಳು.

ಡ್ಯೂಟಿ ಡಾಕ್ಟರ್ ಕೆಟ್ಟವನೇನಲ್ಲ, ನಿದ್ದೆಗೆಟ್ಟವನು. ಬರುವಾಗ ತಪಾಸಣೆಗೆ ತಯಾರಿ ನೋಡಲು ಹೊರಟಿದ್ದ ಮೇಟ್ರನ್ ಕೂಡ ಜೊತೆಗೇ ಬಂದಳು. ಮಂಚದ ಸುತ್ತ ಜನ ಸೇರಿತು: ಟ್ರೇ ಹಿಡಿದ ಜಡೆ, ಇಬ್ಬರು ಹುಡುಗಿಯರು, ಬಕೆಟ್ ಹಿಡಿದ ಆಯಾ, ಟೀ ಕುಡಿದು ಬಂದ ತಮ್ಮನ ಹೆಂಡತಿ. ಇಷ್ಟು ಜನರನ್ನು ನೋಡಿದ ಗರಗಸ ಮತ್ತೆ ಧ್ಯಾನಕ್ಕೆ ಕೂತಳು. ಎದೆ ನಿಧಾನ, ಮುಖ ಶಾಂತ.

ಡಾಕ್ಟರ್ ಚಾರ್ಟು ತಿರುವಿದ. "ಎಲ್ಲ ನಾರ್ಮಲ್ ಇದೆಯಲ್ಲ ಸಿಸ್ಟರ್. ನಿನ್ನೆಯಿಂದ ಉಸಿರು ಇಪ್ಪತ್ತೇ ಇದೆ. ಐಸಿಯುನಲ್ಲಿ ಒಂದೇ ಬೆಡ್ ಉಳಿದಿದೆ. ಆಪರೇಷನ್ ಥಿಯೇಟರಿನಿಂದ ಒಬ್ಬರು ಬರೋದಿದೆ. ಇವರಿಗೆ ಕೊಡು ಅಂತ ನಾನು ಯಾವ ಆಧಾರದ ಮೇಲೆ ಕೇಳಲಿ?"

"ನಾನೀಗ ಎಣಿಸಿದೆ ಸರ್. ಮೂವತ್ತಾರು."

"ಈಗ ನೋಡಿದ್ರೆ ಹಾಗಿಲ್ಲವಲ್ಲ."

"ಬೇಕಂತಲೇ ತಡೆದು ಹಿಡಿದಿದ್ದಾರೆ ಸರ್."

ಮೇಟ್ರನ್ ನಕ್ಕಳು. "ನಿಮ್ಮಿಬ್ಬರ ಪ್ರೀತಿ ಇಡೀ ಆಸ್ಪತ್ರೆಗೆ ಗೊತ್ತಿರೋದೇ. ವಾರ್ಡಿನಿಂದ ಇವರನ್ನ ಸಾಗಹಾಕೋಕೆ ಒಳ್ಳೆ ದಾರಿ ಹುಡುಕಿದ್ದೀರಿ. ಆಗಲೇ ಪೇಶೆಂಟಿನ ಮೇಲೆ ಕೂಗಾಡಿದ್ರಂತೆ? ಪಕ್ಕದ ಮಂಚದವರು ಹೇಳಿದ್ರು."

ಡಾಕ್ಟರ್ ಚಾರ್ಟನ್ನು ಮಡಚಿ ಮಂಚದ ಕೊಕ್ಕೆಗೆ ಸಿಗಿಸಲು ಹೊರಟ. ಅವನು ಸಿಗಿಸಿಬಿಟ್ಟರೆ ಸಂಜೆಯವರೆಗೆ ಮತ್ತೆ ಬರುವುದಿಲ್ಲ. ಸಂಜೆಯವರೆಗೆ ಈ ಹೆಂಗಸು ಉಳಿಯುವುದಿಲ್ಲ. ಇಪ್ಪತ್ತಮ್ಮನ ಬಾಯಿಂದ ಮಾತು ಹೊರಬಿತ್ತು.

"ಆ ಚಾರ್ಟು ಸುಳ್ಳು ಸರ್. ಜಡೆ ಎಣಿಸೇ ಇಲ್ಲ. ಕೌಂಟರಲ್ಲಿ ಕೂತು ಬರೆದಿದ್ದಾಳೆ. ಬೇಕಾದ್ರೆ ಅವಳನ್ನೇ ಕೇಳಿ."

ಎಲ್ಲರೂ ಜಡೆಯ ಕಡೆ ತಿರುಗಿದರು. ಜಡೆ ಇಪ್ಪತ್ತಮ್ಮನನ್ನು ನೋಡಿದಳು.

"ಎಣಿಸಿದ್ರಾ?" ಎಂದ ಡಾಕ್ಟರ್.

"ಇಲ್ಲ ಸರ್," ಎಂದಳು ಜಡೆ. ಅಷ್ಟೇ ಹೇಳಿದಳು.

ಡಾಕ್ಟರನ ನಿದ್ದೆ ಹಾರಿಹೋಯಿತು. ಮಂಚದ ಹತ್ತಿರ ಬಗ್ಗಿ, "ಅಮ್ಮಾ, ಒಂದೇ ಉಸಿರಲ್ಲಿ ಒಂದರಿಂದ ಜೋರಾಗಿ ಎಣಿಸಿ, ನೋಡೋಣ" ಎಂದ. ಎದೆಯನ್ನು ಹಿಡಿದಿಡಬಹುದು, ಮಾತಾಡುತ್ತ ಹಿಡಿದಿಡಲಾಗುವುದಿಲ್ಲ. ಗರಗಸ ಇಪ್ಪತ್ತಮ್ಮನನ್ನು ಸುಡುವ ಹಾಗೆ ನೋಡಿ ಎಣಿಸತೊಡಗಿದಳು. ಐದರ ಹತ್ತಿರ ದನಿ ಕುಸಿಯಿತು. ಆರು ಬರಲೇ ಇಲ್ಲ. ಡಾಕ್ಟರ್ ಸ್ಟೆತಸ್ಕೋಪನ್ನು ಬೆನ್ನಿಗಿಟ್ಟು ಒಂದು ಕ್ಷಣ ಕೇಳಿ, "ಟ್ರಾಲಿ!" ಎಂದು ಕೂಗಿದ. ಆಮೇಲೆ ಇಪ್ಪತ್ತಮ್ಮನ ಕಡೆ ತಿರುಗಿ, "ಇದನ್ನ ನಿನ್ನೆ ಹೇಳಬೇಕಿತ್ತು ಸಿಸ್ಟರ್" ಎಂದ. ನಿನ್ನೆ ಮಧ್ಯಾಹ್ನದ ಮಾತು ಇಪ್ಪತ್ತಮ್ಮನ ಗಂಟಲಿಗೆ ಬಂತು. ನುಂಗಿಕೊಂಡಳು. ಟ್ರಾಲಿ ತಳ್ಳಬೇಕಿತ್ತು, ಆಮ್ಲಜನಕದ ಸಿಲಿಂಡರ್ ಹೊರಬೇಕಿತ್ತು, ಕೈತುಂಬ ಕೆಲಸವಿತ್ತು.

ಶ್ವಾಸಕೋಶದ ಎರಡೂ ಕಡೆ ಸೋಂಕು ಹಬ್ಬಿತ್ತು. ಸಂಜೆಯವರೆಗೆ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದು ಐಸಿಯುವಿನ ದೊಡ್ಡ ಡಾಕ್ಟರ್ ಹೇಳಿದರು. ಗರಗಸ ಅಲ್ಲಿ ಸಾವಿನ ಜೊತೆಗೂ ಜಗಳವಾಡಿದಳೆಂದು ಕಾಣುತ್ತದೆ; ಸಾವೇ ಸೋತು ಎದ್ದುಹೋಯಿತು. ವಾರ್ಡಿಗೆ ವಾಪಸು ಬಂದ ದಿನ ಇಪ್ಪತ್ತಮ್ಮ ಎದುರಿಗೆ ಹೋಗಿ ನಿಂತಳು. ಏನೋ ಒಂದು ಮಾತು ಬರಬಹುದೆಂದು ಅವಳಿಗೆ ಆಸೆ ಇತ್ತು, ಇರಲಿಲ್ಲವೆಂದರೆ ಸುಳ್ಳಾಗುತ್ತದೆ.

"ಯಾರು ಕೇಳಿದ್ರು ನಿನ್ನನ್ನ?" ಎಂದಳು ಗರಗಸ. "ನನ್ನ ಮೈ ಮುಟ್ಟಬಾರದವರೆಲ್ಲ ಮುಟ್ಟಿದ್ರು. ರೋಗಿಯ ಮೇಲೆ ಕೂಗಾಡಿದ್ದಕ್ಕೆ ನಿನ್ನ ಮೇಲೆ ದೂರು ಕೊಟ್ಟಿದ್ದೀನಿ. ಹೋಗು, ಆ ಕಿಟಕಿ ಹಾಕು."

ಇಪ್ಪತ್ತಮ್ಮ ಕಿಟಕಿ ಹಾಕಿದಳು.

ಆ ದೂರು ಮೇಟ್ರನ್‌ನ ಮೇಜಿನ ಮೇಲೇ ಸತ್ತಿತು, ಏಕೆಂದರೆ ತಪಾಸಣೆ ಹತ್ತಿರವಿರುವಾಗ ತಪ್ಪನ್ನೆಲ್ಲ ಒಬ್ಬಳ ತಲೆಗೆ ಕಟ್ಟಿಕೊಟ್ಟ ಇಪ್ಪತ್ತಮ್ಮ ಮೇಟ್ರನ್‌ಗೆ ಈಗ ಬೇಕಾಗಿದ್ದಳು. ಕೋಣೆಗೆ ಕರೆಸಿ, ಕುರ್ಚಿ ತೋರಿಸಿ, "ಈಗ ನಿಮಗೆ ವಾರ್ಡ್ ನಡೆಸೋಕೆ ಬಂತು" ಎಂದಳು. ಹಂಗಾಮಿ ಎಂಬ ಮಾತು ಅಳಿದುಹೋಯಿತು. ಜಡೆಗೆ ಮೆಮೊ ಕೊಟ್ಟು, ಹಿಂದಿನ ಕಟ್ಟಡದ ಸೋಂಕು ರೋಗಗಳ ವಾರ್ಡಿಗೆ ಹಾಕಿದರು. ಬದಲಿಗೆ ಯಾರನ್ನೂ ಕೊಡಲಿಲ್ಲ. ಇಪ್ಪತ್ತಮ್ಮ ಒಂದು ಮಾತು ಕೇಳಬಹುದಿತ್ತು, "ಮೆಮೊ ಅವಳೊಬ್ಬಳಿಗೇ ಯಾಕೆ?" ಎಂದು. ಕೇಳಲು ಬಾಯಿ ತೆರೆದಳು. ಕುರ್ಚಿ ಮೆತ್ತಗಿತ್ತು. ಥ್ಯಾಂಕ್ಯೂ ಮೇಡಂ ಎಂದು ಎದ್ದು ಬಂದಳು.

ವಾರ್ಡಿನಲ್ಲಿ ಈಗ ಹುಡುಗಿಯರು ನಿಜವಾಗಿಯೇ ಉಸಿರು ಎಣಿಸುತ್ತಿದ್ದರು. ಗಡಿಯಾರ ಹಿಡಿದು, ಪೂರಾ ನಿಮಿಷ ನಿಂತು, ನಡುನಡುವೆ ತಲೆಯೆತ್ತಿ ಇಪ್ಪತ್ತಮ್ಮನನ್ನು ದುರುಗುಟ್ಟಿ ನೋಡುತ್ತಿದ್ದರು. ಅವಳು ನರ್ಸುಗಳ ಕೋಣೆಗೆ ಬಂದರೆ ಮಾತು ನಿಲ್ಲುತ್ತಿತ್ತು. "ಊಟ ಆಯ್ತೇನ್ರೆ?" ಎಂದರೆ "ಆಯ್ತು ಸಿಸ್ಟರ್" ಎಂದು ಡಬ್ಬಿ ಮುಚ್ಚುತ್ತಿದ್ದರು. ಮನೆಯಲ್ಲಿ ಗಂಡ ಮಿಷನ್ ನಿಲ್ಲಿಸಿ, "ನೀನು ಒಂದು ಜೀವ ಉಳಿಸಿದೆ, ಅದನ್ನ ಯಾರೂ ಅಲ್ಲ ಅನ್ನೋಕಾಗಲ್ಲ" ಎಂದ. ಅವನಿಗೆ ಆ ಮಧ್ಯಾಹ್ನದ ಸುತ್ತಿನ ವಿಷಯ ಗೊತ್ತಿರಲಿಲ್ಲ. ಅವಳನ್ನು ಬಿಟ್ಟರೆ ಅದು ಗೊತ್ತಿದ್ದವಳು ಜಡೆ ಒಬ್ಬಳೇ.

ರಜೆಯ ದಿನ ಇಪ್ಪತ್ತಮ್ಮ ಬೀದಿಯ ಆ ತುದಿಗೆ ನಡೆದಳು. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು. ಎಂದೂ ತಟ್ಟಿ ಒಳಗೆ ಹೋದ ಮನೆಯಲ್ಲ ಅದು. ಜಡೆ ಬಂದಳು. ತಲೆ ಸ್ನಾನ ಮಾಡಿ ಕೂದಲು ಹರವಿಕೊಂಡಿದ್ದಳು. ಬಾಗಿಲನ್ನು ಅರ್ಧ ತೆರೆದು ಅಲ್ಲೇ ನಿಂತಳು.

"ಹೇಗಿದ್ದಾಳೆ ಮುದುಕಿ?"

"ಬದುಕಿದಳು. ನಾಳೆ ಮನೆಗೆ."

"ಒಳ್ಳೇದಾಯ್ತು," ಎಂದಳು ಜಡೆ. ನಿಜವಾಗಿಯೇ ಹೇಳಿದಳು. "ನಾನು ಎಣಿಸಬೇಕಿತ್ತು. ಅದು ನನ್ನ ತಪ್ಪೇ. ಅವಳು ಸತ್ತಿದ್ರೆ ನಂಗೆ ಜನ್ಮಪೂರ್ತಿ ನಿದ್ದೆ ಬರ್ತಿರಲಿಲ್ಲ. ಅದಕ್ಕೆ ನಂಗೆ ನಿನ್ನ ಮೇಲೆ ಸಿಟ್ಟಿಲ್ಲ."

"ಒಳಗೆ ಬರ್ಲಾ?"

ಜಡೆ ಬಾಗಿಲು ಬಿಡಲಿಲ್ಲ. "ಆ ಚಾರ್ಟಲ್ಲಿ ನಿಂದೂ ಒಂದಿತ್ತಲ್ಲ ಕಣೆ."

"ಅವಳ ಜೀವ ಹೋಗ್ತಿತ್ತು. ಡಾಕ್ಟರ್ ಹೊರಟೇಬಿಟ್ಟಿದ್ದ. ನಂಗೆ ಸಮಯ ಎಲ್ಲಿತ್ತು ಹೇಳು?"

"ನನ್ನ ಹೆಸರು ಹೇಳೋಕೆ ಸಮಯ ಇತ್ತು," ಎಂದಳು ಜಡೆ. "ಇನ್ನೊಂದು ಹೆಸರು ಹೇಳೋಕೆ ಎಷ್ಟು ಹೊತ್ತು ಬೇಕು? ಟ್ರಾಲಿ ತಳ್ಳಿದ ಮೇಲೆ ಹೇಳಬಹುದಿತ್ತು. ಮಾರನೇ ದಿನ ಹೇಳಬಹುದಿತ್ತು. ಇವತ್ತು ಕೂಡ ನೀನು ಇಲ್ಲಿಗೆ ಬಂದಿದ್ದೀಯ, ಮೇಟ್ರನ್ ಹತ್ರ ಹೋಗಿಲ್ಲ."

ಇಪ್ಪತ್ತಮ್ಮನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷದ ಸ್ನೇಹದಲ್ಲಿ ಇವಳು ಇಂಥ ಮಾತಾಡುತ್ತಾಳಲ್ಲ ಎಂದು, ಒಂದು ಜೀವ ಉಳಿಸಿದ್ದಕ್ಕೆ ಎಲ್ಲರೂ ಸೇರಿ ತನ್ನನ್ನೇ ತಿನ್ನುತ್ತಿದ್ದಾರಲ್ಲ ಎಂದು. ಜಡೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಕೂದಲು ಒದ್ದೆ ಇದೆ, ಒಣಗಿಸ್ಕೋಬೇಕು," ಎಂದು ಜಡೆ ಬಾಗಿಲು ಹಾಕಿಕೊಂಡಳು. ಒಳಗಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ಇಪ್ಪತ್ತಮ್ಮ ಮೆಟ್ಟಿಲಿಳಿದು, ಆಸ್ಪತ್ರೆಯ ಕಡೆಗೆ ಹೋಗುವ ರಸ್ತೆ ಬಂದಾಗ ತಿರುಗದೆ, ಅದನ್ನು ದಾಟಿ ಮನೆಗೆ ಹೋದಳು.